ಸಭೆಯ ಕೀಲಿಕೈ ಯಾರ ಕೈಯಲ್ಲಿ?

ಸಂಘದ ಕೂಟಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಹಿರೇಕೆರೂರಿನ ಕಡೆಯಿರಲಿ, ಹಾನಗಲ್ಲು, ಶಿಗ್ಗಾಂವಿ, ಸವಣೂರಿನ ಕಡೆಯಿರಲಿ, ಹಿಂದಿನ ಸಾಲಿನಿಂದ ಯಾರಾದರೊಬ್ಬರು ಕೇಳುತ್ತಾರೆ: "ಐತವಾರ ಪ್ರಾರ್ಥನೆಗೆ ಹೋಗೋರು ನಮ್ಮೋರು ಹೌದೋ ಅಲ್ಲೋ?" ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಅದರ ಒಳಗೆ ಅಳುಕೂ ಇರುತ್ತದೆ, ಯಾಕಂದ್ರೆ ಹಾಗೆ ಹೋಗುವವರು ಅವರ ಅಕ್ಕನೋ ಅತ್ತಿಗೆಯೋ ಚಿಕ್ಕಪ್ಪನ ಮಗನೋ ಆಗಿರುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹೌದು, ನಮ್ಮೋರೇ. ಕ್ರಿಸ್ತನ ಹೆಸರು ಹೇಳಿದ ಕೂಡಲೇ ಅವರನ್ನು ಗೌಡರ ಪಡಸಾಲೆಯಲ್ಲಿ ಯಾರೂ ಕುಂಡ್ರಿಸಿಲ್ಲ. ಸಾಲ ಕೊಟ್ಟವನು ಬಡ್ಡಿ ಬಿಟ್ಟಿಲ್ಲ. ದೇವರು ಬದಲಾದರೂ ಓಣಿ ಬದಲಾಗಿಲ್ಲ. ಮಾದರ ಓಣಿ ಮಾದರ ಓಣಿಯಾಗಿಯೇ ಐತಿ.

ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಅವರು ಹೋಗುವ ಆ ಪ್ರಾರ್ಥನೆಯ ಮನೆಯ ಕೀಲಿಕೈ ಯಾರ ಕೈಯಲ್ಲಿದೆ? ಕಾಣಿಕೆ ಡಬ್ಬಿಯ ಲೆಕ್ಕ ಯಾರು ಬರೆಯುತ್ತಾರೆ? ಪಾಸ್ಟರನ್ನು ಕರೆತರುವವರು ಯಾರು, ಸರಿ ಕಾಣದಿದ್ದರೆ ಕಳಿಸುವವರು ಯಾರು? ಜಾಗದ ಕಾಗದ ಯಾರ ಹೆಸರಿನಲ್ಲಿದೆ?

ಯೇಸು ದೇವರೋ ಅಲ್ಲವೋ ಅನ್ನುವ ವಾದಕ್ಕೆ ನಾವು ಕುಳಿತಿಲ್ಲ. ಅದು ಅವರವರ ಎದೆಯ ವಿಚಾರ. ನಾವು ಬರೆಯಹೊರಟಿರುವುದು ಸ್ವತಂತ್ರ ಸಭೆಗಳ ಬಗ್ಗೆ. ರೋಮಿನ ಪೋಪರ ಕೈಕೆಳಗಿಲ್ಲದ, ಬಿಷಪ್ಪರಿರುವ ದಕ್ಷಿಣ ಭಾರತ ಸಭೆಗೂ ಸೇರದ, ತಮ್ಮಷ್ಟಕ್ಕೆ ತಾವೇ ಕೂಡಿ ನಡೆಸುವ ಸಣ್ಣ ಸಣ್ಣ ಸಭೆಗಳು. ತಗಡಿನ ಛಾವಣಿ, ಒಂದು ಜಮಖಾನೆ, ಒಂದು ಢೋಲಕ್, ಕೈ ಬದಲಾಗಿ ಸವೆದ ಹಾಡಿನ ಪುಸ್ತಕ. ಇಷ್ಟೇ ಆಸ್ತಿ. ಇಂಥವು ಕರ್ನಾಟಕದ ಉದ್ದಗಲಕ್ಕೂ ಇವೆ.

ಮಾಸೂರಿನಲ್ಲಿ ನಿಂತು ಈ ಮಾತೆತ್ತುವುದಕ್ಕೆ ಸಂಕೋಚ ಬೇಕಿಲ್ಲ. ಇದು ಸರ್ವಜ್ಞನ ಹೆಸರು ಹೇಳಿ ತಲೆ ಎತ್ತುವ ಊರು. ಅವನ ತಾಯಿ ಅಬಲೂರಿನ ಕುಂಬಾರ ಮಲ್ಲಿ ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಅವನಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ದೇವರಿಗೂ ಮನುಷ್ಯನಿಗೂ ನಡುವೆ ನಿಂತು ಸುಂಕ ಎತ್ತುವವರನ್ನು ಪ್ರಶ್ನೆ ಮಾಡುವುದು ಈ ಮಣ್ಣಿಗೆ ಹೊಸದಲ್ಲ.

ಅವರ ನಂಬಿಕೆ ಏನು?

ಸ್ವತಂತ್ರ ಸಭೆಗಳಲ್ಲಿ ಹತ್ತಾರು ಬಗೆ ಇವೆ. ಬ್ಯಾಪ್ಟಿಸ್ಟರು, ಬ್ರದರನ್ನರು, ಪೆಂತೆಕೊಸ್ತಿನವರು, ಯಾವ ಹೆಸರೂ ಇಲ್ಲದವರು. ಒಬ್ಬರದು ಇನ್ನೊಬ್ಬರಿಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ನಾಲ್ಕು ಮಾತು ಬಹುಪಾಲು ಎಲ್ಲರಲ್ಲೂ ಕಾಣುತ್ತವೆ. ಸಭೆಗೆ ಕ್ರಿಸ್ತನೊಬ್ಬನೇ ತಲೆ, ಅವನ ಕೆಳಗೆ ಇನ್ನೊಂದು ತಲೆ ಬೇಕಿಲ್ಲ. ಸತ್ಯವೇದವನ್ನು ಯಾರು ಬೇಕಾದರೂ ಓದಬಹುದು, ಅರ್ಥ ಹೇಳಬಹುದು. ದೀಕ್ಷಾಸ್ನಾನವನ್ನು ತಿಳಿವಳಿಕೆ ಬಂದ ಮೇಲೆ ತಾನೇ ಒಪ್ಪಿ ತೆಗೆದುಕೊಳ್ಳಬೇಕು, ಹುಟ್ಟಿನಿಂದ ಯಾರೂ ವಿಶ್ವಾಸಿಯಾಗುವುದಿಲ್ಲ. ನಂಬಿದವರೆಲ್ಲರೂ ಪುರೋಹಿತರೇ, ಆದ್ದರಿಂದ ಬೇರೆ ಪುರೋಹಿತ ಜಾತಿ ಇಲ್ಲ.

ಈ ಮೂರನೆಯ ಮತ್ತು ನಾಲ್ಕನೆಯ ಮಾತನ್ನು ಇನ್ನೊಮ್ಮೆ ಓದಿ. ಹುಟ್ಟಿನಿಂದ ಏನೂ ನಿರ್ಧಾರವಾಗುವುದಿಲ್ಲ. ಪುರೋಹಿತ ಜಾತಿ ಇಲ್ಲ. ಹುಟ್ಟಿದ ಗಳಿಗೆಯಿಂದ ಸಾಯುವ ಗಳಿಗೆಯವರೆಗೆ ಜಾತಿಯನ್ನೇ ಹಣೆಗೆ ಒತ್ತಿಸಿಕೊಂಡವನಿಗೆ ಇದು ಬರೀ ಉಪದೇಶವಾಗಿ ಕೇಳಿಸುವುದಿಲ್ಲ. ರೊಟ್ಟಿ ಮುರಿದು ಎಲ್ಲರಿಗೂ ಹಂಚಿ, ಒಂದೇ ಬಟ್ಟಲಿನಿಂದ ಎಲ್ಲರೂ ಕುಡಿಯುವ ಪದ್ಧತಿ ಹಲವು ಸಭೆಗಳಲ್ಲಿದೆ. ಚಹಾದಂಗಡಿಯಲ್ಲಿ ಬೇರೆ ಲೋಟ ಕಂಡವನಿಗೆ ಆ ಒಂದು ಬಟ್ಟಲು ಏನು ಅನ್ನುವುದನ್ನು ದೊಡ್ಡ ದೊಡ್ಡ ಪಂಡಿತರು ನಮಗೆ ವಿವರಿಸಬೇಕಿಲ್ಲ.

ಇದೇ ನಂಬಿಕೆಯಿಂದ ಆಡಳಿತವೂ ಹುಟ್ಟುತ್ತದೆ. ಎಲ್ಲರೂ ಪುರೋಹಿತರಾದರೆ ಎಲ್ಲರೂ ಕೂಡಿಯೇ ತೀರ್ಮಾನ ಮಾಡಬೇಕು. ಸಭೆ ಹಿರಿಯರನ್ನು ಆರಿಸಬೇಕು, ಸಭೆಯೇ ಪಾಸ್ಟರನ್ನು ಕರೆಯಬೇಕು, ಸಭೆಯ ಮುಂದೆಯೇ ಲೆಕ್ಕ ಓದಬೇಕು. ಬ್ರದರನ್ನರಲ್ಲಿ ಸಂಬಳದ ಪಾಸ್ಟರೇ ಇಲ್ಲ, ಹಿರಿಯರೇ ಕೂಡಿ ನಡೆಸುತ್ತಾರೆ. 19ನೇ ಶತಮಾನದಲ್ಲೇ ಹೆನ್ರಿ ವೆನ್, ರೂಫಸ್ ಆಂಡರ್ಸನ್ ಎಂಬ ಇಬ್ಬರು ಮಿಷನ್ ಮುಖ್ಯಸ್ಥರು, ಒಬ್ಬ ಇಂಗ್ಲೆಂಡಿನವ, ಒಬ್ಬ ಅಮೆರಿಕದವ, ಒಂದೇ ಮಾತು ಹೇಳಿದ್ದರು: ಸಭೆ ತನ್ನನ್ನು ತಾನೇ ಆಳಬೇಕು, ತನ್ನ ಖರ್ಚು ತಾನೇ ಹೊರಬೇಕು, ತಾನೇ ಬೆಳೆಯಬೇಕು. ಮಾತು ಚೆನ್ನಾಗಿತ್ತು. ನಡೆದದ್ದು ಎಷ್ಟು?

ಏಳು ಜನರ ಕಥೆ

ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 6ನೇ ಅಧ್ಯಾಯದಲ್ಲಿ ಒಂದು ಜಗಳ ಬರುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನಾ ಊಟ ಹಂಚುತ್ತಿದ್ದರು. ಗ್ರೀಕ್ ಮಾತಾಡುವವರ ಗುಂಪಿನ ವಿಧವೆಯರಿಗೆ ಹಂಚುವಾಗ ಕೈ ಹಿಂದೆ ಸರಿಯುತ್ತಿತ್ತು. ಅವರ ಕಡೆಯವರು ಗೊಣಗಿದರು, ದೂರು ಎದ್ದಿತು.

ಆಗ ಹನ್ನೆರಡು ಜನ ಅಪೊಸ್ತಲರು ಏನು ಮಾಡಿದರು? ದೇವರ ಮನೆಯಲ್ಲಿ ಜಗಳ ಬ್ಯಾಡ, ಸುಮ್ಮನಿರ್ರಿ ಅನ್ನಲಿಲ್ಲ. ತಾವೇ ಏಳು ಜನರನ್ನು ನೇಮಿಸಲೂ ಇಲ್ಲ. ಇಡೀ ಸಭೆಯನ್ನು ಕೂಡಿಸಿ, ನೀವೇ ಆರಿಸಿರಿ ಅಂದರು. ಸಭೆ ಆರಿಸಿತು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಅಂದರೆ ಅನ್ಯಾಯವಾದದ್ದು ಯಾವ ಕಡೆಯವರಿಗೋ, ಉಗ್ರಾಣದ ಕೀಲಿಕೈಯನ್ನು ಆ ಕಡೆಯವರ ಕೈಗೇ ಕೊಟ್ಟಂತೆ ಕಾಣುತ್ತದೆ.

ಪ್ರಾರ್ಥನೆಗೆ ಹೋಗುವ ನಮ್ಮ ಅಕ್ಕ ತಂಗಿಯರಿಗೆ ನಾವು ಹೇಳುವುದು ಇಷ್ಟೇ: ಈ ಅಧ್ಯಾಯವನ್ನು ನಿಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ.

ಕುಲುಮೆಯಲ್ಲಿ ಕಟ್ಟಿದ ಸಭೆ

ಅಮೆರಿಕದ ಕರಿಯರು ಈ ಪಾಠವನ್ನು ಹೊಡೆತ ತಿಂದು ಕಲಿತರು. ಫಿಲಡೆಲ್ಫಿಯಾ ಊರಿನಲ್ಲಿ 18ನೇ ಶತಮಾನದ ಕೊನೆಗೆ ಬಿಳಿಯರ ಚರ್ಚಿನಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಕರಿಯರನ್ನು, ಇದು ನಿಮ್ಮ ಜಾಗವಲ್ಲ ಅಂತ ಪ್ರಾರ್ಥನೆ ಮುಗಿಯುವ ಮೊದಲೇ ಎಬ್ಬಿಸಿದರು. ಅವರೆಲ್ಲ ಒಟ್ಟಿಗೆ ಎದ್ದು ಹೊರನಡೆದರು. ಅವರಲ್ಲಿ ಒಬ್ಬ ರಿಚರ್ಡ್ ಆಲನ್, ಗುಲಾಮನಾಗಿ ಹುಟ್ಟಿ ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡವನು. ಅವನು ಒಂದು ಹಳೆಯ ಕಮ್ಮಾರನ ಕುಲುಮೆಯನ್ನು ಕೊಂಡು, ಕುದುರೆಗಳಿಂದ ಎಳೆಸಿ ತಂದು ತನ್ನ ಜಾಗದಲ್ಲಿ ನಿಲ್ಲಿಸಿದ. 1794ರಲ್ಲಿ ಅದು ಬೆಥೆಲ್ ಚರ್ಚಾಯಿತು.

ಅಲ್ಲಿಗೇ ಮುಗಿಯಲಿಲ್ಲ. ಕಟ್ಟಡ ಕಟ್ಟಿದವರು ಕರಿಯರು, ಆದರೆ ಕಾಗದಪತ್ರದ ದಾರಿ ಹಿಡಿದು ಬಿಳಿ ಹಿರಿಯರು ಅದು ತಮ್ಮ ಹಿಡಿತದ್ದು ಅಂದರು. ವರ್ಷಗಟ್ಟಲೆ ಜಗಳ ನಡೆಯಿತು. 1816ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಕರಿಯರ ಪರ ನಿಂತ ಮೇಲೆಯೇ ಅವರ ಸಭೆ ಅವರದಾಯಿತು. ಹೊರಗೆ ನಡೆದುಬರುವುದಕ್ಕೆ ಒಂದು ದಿನ ಸಾಕಾಯಿತು. ಕಟ್ಟಡದ ಕಾಗದ ಕೈಗೆ ಬರುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಮ್ಮ ಸೀಮೆಯಲ್ಲಿ

ನಮ್ಮ ಕಡೆಗೆ ಬಾಸೆಲ್ ಮಿಷನ್ನಿನವರು ಬಂದರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿ. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. ಕಿಟ್ಟೆಲ್ ಸಾಹೇಬರ ನಿಘಂಟು 1894ರಲ್ಲಿ ಅಚ್ಚಾಯಿತು, ಅದರ ಉಪಕಾರ ಕನ್ನಡ ಬಲ್ಲವರಿಗೆಲ್ಲ ಗೊತ್ತು. ಸಭೆಗೆ ಬರುವವರು ಜಾತಿಯನ್ನು ಹೊಸ್ತಿಲ ಹೊರಗೆ ಬಿಟ್ಟು ಬರಬೇಕು ಅಂತ ಅವರು ಗಟ್ಟಿಯಾಗಿ ನಿಂತರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಜಾತಿ ಬಿಟ್ಟವನಿಗೆ ಊರಲ್ಲಿ ಕೆಲಸವಿಲ್ಲ, ಮನೆಯವರ ಆಸರೆಯಿಲ್ಲ. ಅದಕ್ಕೇ ಮಂಗಳೂರಿನಲ್ಲಿ 1851ರಲ್ಲಿ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾದವು. ಹೊಟ್ಟೆಗೆ ಹಿಟ್ಟು ಸಿಕ್ಕಿತು. ಆದರೆ ಕೆಲಸ ಕೊಡುವ ಮಿಷನ್ನೇ ಮನೆ ಕೊಡುವ ಮಿಷನ್ನು, ಅದೇ ಸಭೆಯ ಶಿಸ್ತು ನೋಡುವ ಮಿಷನ್ನು. ಹೊಟ್ಟೆ ಮತ್ತು ನಂಬಿಕೆ ಎರಡೂ ಒಬ್ಬರ ಕೈಯಲ್ಲೇ ಇದ್ದಾಗ ಎದ್ದು ನಿಂತು ಎದುರು ಮಾತಾಡುವವನು ಯಾರು?

1914ರ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೆಯವರ ಪಾಲಾದವು. ಯುದ್ಧ ಹೂಡಿದವರು ಬೇರೆ, ಕಾರ್ಖಾನೆ ದಾಟಿಸಿದವರು ಬೇರೆ. ಅಲ್ಲಿ ದುಡಿದವರನ್ನಾಗಲಿ, ಸಭೆಯಲ್ಲಿ ಹಾಡಿದವರನ್ನಾಗಲಿ ಆ ತೀರ್ಮಾನಕ್ಕೆ ಯಾರೂ ಕೂಡಿಸಿಕೊಳ್ಳಲಿಲ್ಲ.

ಇನ್ನೂ ಒಂದು ಸಂಗತಿ ನಮ್ಮ ಭಾಗದವರು ನೆನಪಿಡಬೇಕು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ದಕ್ಷಿಣ ಕನ್ನಡದ, ಮಲಬಾರಿನ ಬಾಸೆಲ್ ಸಭೆಗಳು ಸೇರಿದವು. ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಆಗ ಸೇರದೆ ಹೊರಗುಳಿದವು, ಸೇರಿದ್ದು ವರ್ಷಗಳು ಕಳೆದ ಮೇಲೆ. ಒಕ್ಕೂಟಕ್ಕೆ ಸೇರಬೇಕೋ ಬಿಡಬೇಕೋ ಅಂತ ಸಭೆಯೇ ಯೋಚಿಸಿ ಹೇಳುವ ಪದ್ಧತಿ ನಮ್ಮ ಸೀಮೆಗೆ ಅಪರಿಚಿತವೇನಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆವು.

ಆದರೆ ದಲಿತನೇ ಕಟ್ಟಿದ ಸ್ವತಂತ್ರ ಸಭೆ ನೋಡಬೇಕಂದ್ರೆ ಕೇರಳಕ್ಕೆ ಹೋಗಬೇಕು. ತಿರುವಾಂಕೂರಿನ ಇರವಿಪೇರೂರಿನಲ್ಲಿ 1879ರಲ್ಲಿ ಪರಯ ಜಾತಿಯಲ್ಲಿ ಹುಟ್ಟಿದ ಪೊಯ್ಕಯಿಲ್ ಯೋಹನ್ನಾನ್, ಜೀತದ ಮನೆಯ ಮಗ. ಮಾರ್ತೋಮಾ ಸಭೆಗೆ ಸೇರಿದ, ಬ್ರದರನ್ನರ ಕಡೆಗೂ ಹೋದ. ಎಲ್ಲಿ ಹೋದರೂ ಹೊಲದಲ್ಲಿದ್ದ ಜಾತಿ ಚರ್ಚಿನ ಒಳಗೂ ಬಂದು ಕೂತಿತ್ತು. ಕೊನೆಗೆ 1909-10ರ ಹೊತ್ತಿಗೆ ಪ್ರತ್ಯಕ್ಷ ರಕ್ಷಾ ದೈವ ಸಭೆ ಎಂಬ ತನ್ನದೇ ಸಭೆ ಕಟ್ಟಿದ. ತಮ್ಮ ಹಿರಿಯರ ಜೀತದ ನೆನಪನ್ನೇ ಹಾಡು ಮಾಡಿ ಹಾಡಿದರು, ಶಾಲೆ ಕಟ್ಟಿದರು, ಜಮೀನು ಕೊಂಡರು. 1921ರಲ್ಲೂ 1931ರಲ್ಲೂ ಯೋಹನ್ನಾನ್ ತಿರುವಾಂಕೂರಿನ ಶ್ರೀಮೂಲಂ ಪ್ರಜಾಸಭೆಯ ಸದಸ್ಯನಾದ. ಪ್ರಾರ್ಥನೆಯ ಸಭೆ ನಡೆಸಲು ಕಲಿತ ಜನ ರಾಜ್ಯದ ಸಭೆಯಲ್ಲೂ ಮಾತಾಡಿದರು.

ಹೆಸರಿಲ್ಲದವನಿಗೆ ಓಟಿಲ್ಲ

ಇಷ್ಟೆಲ್ಲ ಇದ್ದೂ ಇವತ್ತು ನಮ್ಮ ಓಣಿಗಳ ಸ್ವತಂತ್ರ ಸಭೆಗಳಲ್ಲಿ ಸ್ವಂತ ಆಡಳಿತ ಯಾಕೆ ಗಟ್ಟಿಯಾಗಿ ನಿಲ್ಲುತ್ತಿಲ್ಲ? ಇಲ್ಲಿದೆ ಮುಖ್ಯ ಮಾತು.

ಸಭೆ ತನ್ನನ್ನು ತಾನೇ ಆಳಬೇಕಂದ್ರೆ ಸದಸ್ಯರ ಪಟ್ಟಿ ಬೇಕು. ಪಟ್ಟಿಯಲ್ಲಿ ಹೆಸರಿದ್ದವನಿಗೆ ಓಟು. ಹಲವು ಸಭೆಗಳಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರ ಹೆಸರನ್ನಷ್ಟೇ ಪಟ್ಟಿಗೆ ಹಾಕುತ್ತಾರೆ. ಆದರೆ ದಲಿತನ ಹೆಸರು ಆ ಪಟ್ಟಿಗೆ ಹತ್ತಿದ ದಿನವೇ ಅವನ ಜಾತಿ ಸರ್ಟಿಫಿಕೇಟು ಅಲುಗಾಡುತ್ತದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೇ ಪ್ಯಾರಾ ಹಿಂದೂ ಅಲ್ಲದವನನ್ನು ಪರಿಶಿಷ್ಟ ಜಾತಿಯವನೆಂದು ಒಪ್ಪಲಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರಿಗೆ ತೆರೆಯಲಿಲ್ಲ.

ಇದರ ಅರ್ಥ ಏನು ಅಂತ ಎರಡು ಕೇಸು ಹೇಳುತ್ತವೆ. ನಮ್ಮ ಕೋಲಾರ ಚಿನ್ನದ ಗಣಿ ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದ ಎಸ್. ರಾಜಗೋಪಾಲ್ ಅವರು ಕ್ರೈಸ್ತರಾಗಿದ್ದವರು ಅಂತ ಎದುರಾಳಿ ಕೋರ್ಟಿಗೆ ಹೋದರು. ಆಯ್ಕೆ ರದ್ದಾಯಿತು, 1968ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1972ರಲ್ಲಿ ಅವರು ಮತ್ತೆ ಗೆದ್ದರು, ಮತ್ತೆ ಕೇಸು ಬಿತ್ತು. 1975ರಲ್ಲಿ ಅದೇ ಕೋರ್ಟು, ಹಿಂದೂ ಧರ್ಮಕ್ಕೆ ಮರಳಿದವನನ್ನು ಜಾತಿಯವರು ಒಪ್ಪಿಕೊಂಡರೆ ಅವನು ಮತ್ತೆ ಆ ಜಾತಿಯವನೇ ಅಂದಿತು. ಎರಡನೆಯದು ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅವರ ಕೇಸು. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಅದೇ ರಸ್ತೆ, ಅದೇ ತೊಗಲು, ಅದೇ ಕೆಲಸ, ಆದರೆ ಕ್ರೈಸ್ತ ಅಂತ ಅವರಿಗೆ ಕೊಡಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿ ತಳ್ಳಿಹಾಕಿತು.

ಹೀಗಾಗಿ ನಮ್ಮ ಜನ ಏನು ಮಾಡುತ್ತಾರೆ? ವಿಶ್ವಾಸ ಇದೆ, ಹಾಡುತ್ತಾರೆ, ಕಾಣಿಕೆ ಹಾಕುತ್ತಾರೆ. ಪಟ್ಟಿಯಲ್ಲಿ ಹೆಸರು ಮಾತ್ರ ಹಾಕಿಸುವುದಿಲ್ಲ. ಮಗಳ ಹಾಸ್ಟೆಲ್ ಸೀಟು, ಮಗನ ಸ್ಕಾಲರ್‌ಶಿಪ್ಪು ಹೋದೀತೆಂಬ ಹೆದರಿಕೆ. ಇದನ್ನು ಮೋಸ ಅಂತ ಬೈಯುವವರು ಮೊದಲು ಆ ಮಗುವಿನ ಫೀಜು ಕಟ್ಟಲಿ. ಆದರೆ ಹೆಸರಿಲ್ಲದ್ದರಿಂದ ಇನ್ನೊಂದು ನಷ್ಟ ಆಗುತ್ತದೆ. ಹೆಸರಿಲ್ಲದವನಿಗೆ ಓಟಿಲ್ಲ. ಓಟಿಲ್ಲದವನು ಲೆಕ್ಕ ಕೇಳುವುದಿಲ್ಲ. ಲೆಕ್ಕ ಕೇಳುವವರಿಲ್ಲದ ಕಡೆ ಪಾಸ್ಟರೇ ದೊರೆ. ಸತ್ತಾಗ ಹೆಣ ಹೂಳುವ ಜಾಗಕ್ಕೂ ತೊಡಕು: ಊರಿನವರು ನೀವು ಅವರೋರು ಅಂತಾರೆ, ದೊಡ್ಡ ಚರ್ಚಿನವರು ನೀವು ನಮ್ಮ ಪಟ್ಟಿಯಲ್ಲಿಲ್ಲ ಅಂತಾರೆ.

ಈ ಗಾಯದ ಮೇಲೆ ಕರ್ನಾಟಕ ಸರ್ಕಾರ 2022ರಲ್ಲಿ ಮತಾಂತರ ನಿಷೇಧದ ಕಾನೂನು ತಂದಿತು. ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಿತು. ಬಲವಂತ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು, ಅದೇ ಅಪ್ರಾಪ್ತರು, ಬುದ್ಧಿಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರ ಮತಾಂತರವಾದರೆ 3ರಿಂದ 10 ವರ್ಷ. ಈ ಪಟ್ಟಿಯನ್ನು ನೋಡಿ. ಮಕ್ಕಳ ಜೊತೆ, ಬುದ್ಧಿ ಸ್ಥಿಮಿತ ಇಲ್ಲದವರ ಜೊತೆ ನಮ್ಮನ್ನು, ನಮ್ಮ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅಂದರೆ ನಮಗೆ ಸ್ವಂತ ಯೋಚನೆ ಇಲ್ಲ, ಯಾರು ಸಕ್ಕರೆ ತೋರಿಸಿದರೂ ಹಿಂದೆ ಹೋಗುವವರು ನಾವು. 2023ರ ಜೂನ್‌ನಲ್ಲಿ ಬೇರೆ ಸರ್ಕಾರದ ಸಚಿವ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ತೀರ್ಮಾನದ ಹಾಳೆಗಿಂತ ಆ ಕಾನೂನಿನ ಹಿಂದಿದ್ದ ತಿಳಿವಳಿಕೆ ಬದಲಾಗಬೇಕು. 1935ರಲ್ಲಿ ಯೇವಲಾದಲ್ಲಿ ನಿಂತು ಹಿಂದೂವಾಗಿ ಸಾಯಲಾರೆ ಅಂತ ಸಾರಿ, 21 ವರ್ಷ ಓದಿ, ತೂಗಿ, 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡವರ ಮಕ್ಕಳು ನಾವು. ನಮಗೆ ಯೋಚನೆ ಇಲ್ಲವೇ?

ಒಳಗಿನ ದೊರೆಗಳು

ಸರ್ಕಾರವನ್ನು ಬೈದು ಸುಮ್ಮನಾದರೆ ಅರ್ಧ ಮಾತು ನುಂಗಿದಂತೆ. ಬಿಷಪ್ಪ ಬೇಡ, ಮಿಷನ್ ಬೇಡ ಅಂತ ಹೊರಬಂದ ಸಭೆ ಎಷ್ಟೋ ಕಡೆ ಒಂದು ಮನೆತನದ ಆಸ್ತಿಯಾಗಿದೆ. ಜಾಗದ ಕಾಗದ ಪಾಸ್ಟರ ಹೆಸರಲ್ಲಿ, ಬ್ಯಾಂಕ್ ಪುಸ್ತಕ ಹೆಂಡತಿಯ ಕೈಯಲ್ಲಿ, ಪೀಠ ಮುಂದೆ ಮಗನಿಗೆ. ದಶಮಾಂಶ ಕೊಟ್ಟ ಕೂಲಿಯವಳು ರಸೀದಿ ಕೇಳಿದರೆ, ದೇವರ ಸೇವಕನನ್ನು ಅನುಮಾನಿಸಬಾರದು ಅಂತ ಉತ್ತರ. ಜಮಖಾನೆಯ ಮೇಲೆ ಕೂತವರಲ್ಲಿ ಹೆಂಗಸರೇ ಹೆಚ್ಚು, ಹಿರಿಯರ ಸಾಲಿನಲ್ಲಿ ಒಬ್ಬ ಹೆಂಗಸೂ ಇಲ್ಲ. ಹೊಲೇರ ಓಣಿಗೆ ಒಂದು ಸಭೆ, ಮಾದರ ಓಣಿಗೆ ಇನ್ನೊಂದು. ಹಾಡುವುದು ಒಂದೇ ಹಾಡು, ಬೀಗತನ ಮಾತ್ರ ಬ್ಯಾಡ! ಇದು ಎಲ್ಲ ಸಭೆಗಳ ಮಾತಲ್ಲ. ನೆಟ್ಟಗೆ ನಡೆಯುವವೂ ಇವೆ, ಅವರಿಗೆ ನಮ್ಮ ಶರಣು. ಆದರೆ ಹೀಗೆ ನಡೆಯುವ ಕಡೆ ಪುರೋಹಿತಶಾಹಿ ಅಂಗಿ ಬದಲಿಸಿಕೊಂಡು ಬಂದಿದೆ ಅಷ್ಟೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎರಡು ಮಾತು ಹೇಳಿದರು. ಬುದ್ಧನ ಭಿಕ್ಷು ಸಂಘಗಳಲ್ಲಿ ಯಾರು ಎಲ್ಲಿ ಕೂಡಬೇಕು, ಠರಾವು ಹೇಗೆ ಮಂಡಿಸಬೇಕು, ಎಷ್ಟು ಜನ ಸೇರಿದ್ದರೆ ಸಭೆ, ಓಟು ಹೇಗೆ ಎಣಿಸಬೇಕು ಅನ್ನುವುದಕ್ಕೆಲ್ಲ ನಿಯಮಗಳಿದ್ದವು ಅನ್ನುವುದು ಒಂದು. ರಾಜಕೀಯದಲ್ಲಿ ಭಕ್ತಿ ಹೊಕ್ಕರೆ ಅದು ಅಧಃಪತನದ ದಾರಿ, ಕೊನೆಗೆ ಸರ್ವಾಧಿಕಾರ ಅನ್ನುವುದು ಇನ್ನೊಂದು. ಈ ಎರಡನ್ನೂ ಕೂಡಿಸಿ ಓದಬೇಕು. ದೇವರ ಮೇಲೆ ಭಕ್ತಿ ಇರಲಿ. ಲೆಕ್ಕದ ಪುಸ್ತಕದ ಮುಂದೆ, ಹುದ್ದೆಯ ಮುಂದೆ, ಆಸ್ತಿ ಕಾಗದದ ಮುಂದೆ ಭಕ್ತಿ ಬೇಡ.

ಏನಾಗಬೇಕು?

ಪ್ರಾರ್ಥನೆಗೆ ಹೋಗುವ ಅಣ್ಣ ಅಕ್ಕಂದಿರೇ, ಸಭೆಯ ಜಾಗ ಪಾಸ್ಟರ ಹೆಸರಿನಲ್ಲಿ ಬೇಡ, ಸಭೆಯ ಹೆಸರಿನಲ್ಲಿರಲಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ, ಟ್ರಸ್ಟ್ ಮಾಡುವ ದಾರಿ ಇದೆ. ಧರ್ಮದ ವಿಚಾರದಲ್ಲಿ ತಮ್ಮ ಕೆಲಸ ತಾವೇ ನೋಡಿಕೊಳ್ಳುವ ಹಕ್ಕನ್ನು ಸಂವಿಧಾನದ 26ನೇ ವಿಧಿ ಕೊಟ್ಟಿದೆ. ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದಿಸಿ. ಹಿರಿಯರಿಗೆ ಅವಧಿ ಇಡಿ, ಮುಗಿದ ಮೇಲೆ ಕೆಳಗಿಳಿಸಿ. ಅವರಲ್ಲಿ ಹೆಂಗಸರಿರಲಿ, ಎರಡೂ ಓಣಿಯವರಿರಲಿ. ಓಟಿಗೆ ದೀಕ್ಷಾಸ್ನಾನದ ಪಟ್ಟಿಯನ್ನೇ ನೋಡಬೇಡಿ. ವರ್ಷಪೂರ್ತಿ ಬಂದು ಕೂತವರಿಗೆ, ಬೆವರಿನ ದುಡ್ಡು ಹಾಕಿದವರಿಗೆ ಕೈ ಎತ್ತುವ ಹಕ್ಕು ಕೊಡಿ. ಕೈ ಎತ್ತುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಸಂಘದ ಗೆಳೆಯರೇ, ಪ್ರಾರ್ಥನೆಯ ಮನೆಗೆ ಕಲ್ಲು ಬಿದ್ದ ದಿನ ಮೊದಲು ಅಲ್ಲಿ ನಿಲ್ಲಬೇಕಾದವರು ನಾವು. ಯಾರು ಯಾವ ದೇವರಿಗೆ ಕೈಮುಗಿದರು ಅಂತ ಎಣಿಸುವ ಪೊಲೀಸಪ್ಪನ ಕೆಲಸ ನಮಗೆ ಬೇಡ. ಮತ್ತು ಅವರಿಗೆ ಹೇಳಿದ್ದನ್ನೆಲ್ಲ ನಮಗೂ ಹೇಳಿಕೊಳ್ಳೋಣ. ಸಂಘದ ರಸೀದಿ ಪುಸ್ತಕ, ಸಂಘದ ಕುರ್ಚಿ, ಸಂಘದಲ್ಲಿ ಹೆಂಗಸರ ಜಾಗ ಇವೂ ಅದೇ ತಕ್ಕಡಿಯಲ್ಲಿ ತೂಗಬೇಕು.

ಸರ್ಕಾರಕ್ಕೆ ಒಂದೇ ಬೇಡಿಕೆ. 1950ರ ಆದೇಶದ 3ನೇ ಪ್ಯಾರಾ ಹೋಗಬೇಕು. ರಂಗನಾಥ ಮಿಶ್ರ ಆಯೋಗ ಇದನ್ನೇ 2007ರಲ್ಲಿ ಹೇಳಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಮುಂದಾಳತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಸೂಸೈ ಅವರ ಉಳಿಯನ್ನು, ಮಾದರ ಓಣಿಯ ಬಾವಿಯನ್ನು ನೋಡಿದವನಿಗೆ ಆಯೋಗವೇ ಬೇಕಿಲ್ಲ. ಇದರಿಂದ ಹಿಂದೂ ದಲಿತನ ಪಾಲು ಕಡಿಮೆಯಾಗುತ್ತದೆ ಅಂತ ಹೆದರಿಸುವವರಿದ್ದಾರೆ. ಜನ ಹೆಚ್ಚಾದರೆ ಪಾಲೂ ಹೆಚ್ಚಾಗಲಿ ಅಂತ ಕೂಡಿ ಕೇಳೋಣ. ಒಂದು ರೊಟ್ಟಿ ಎಸೆದು ಇಬ್ಬರನ್ನು ಕಚ್ಚಾಡಿಸುವ ಆಟ ನಮಗೆ ಹಳೆಯದು.

ಬರುವ ಐತವಾರ ಮಾಸೂರಿನ ಕಡೆಯ ಯಾವ ಓಣಿಯಲ್ಲಾದರೂ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ತಾಯಿ ಎದ್ದು, "ಪಾಸ್ಟರೇ, ಈ ತಿಂಗಳ ಲೆಕ್ಕ ಓದ್ರಿ" ಅಂದರೆ, ಅವಳ ಪಕ್ಕ ಕೂತವರು ಸೆರಗು ಹಿಡಿದು ಕೂಡ್ರಿಸದಿರಲಿ. ಅವಳ ಜೊತೆ ತಾವೂ ಎದ್ದು ನಿಲ್ಲಲಿ.

ಜೈ ಭೀಮ್.